ಪದ್ದಿ ಕಂಡ ಸಮುದ್ರದ ಕಿಲ್ಲಾ

ಆಗ ದೀಪಾವಳಿ ಸೂಟಿ ಬಿಟ್ಟ ದಿನ ನಮ್ಮ ಓಣಿಯ ಮಕ್ಕಳು ಪಾಟಿಚೀಲವನ್ನು ಪಡಸಾಲೆಗೆ ಒಗೆದು ಮೊದಲು ಓಡುತ್ತಿದ್ದುದು ಮಣ್ಣಿಗೆ. ಹೊಸ ಅರಿವೆ, ಪಟಾಕಿ, ಕರಚಿಕಾಯಿ ಎಲ್ಲ ಆಮೇಲೆ. ಕೊಣ್ಣೂರಿನ ನಮ್ಮ ಓಣಿಯಲ್ಲಿ ದೀಪಾವಳಿ ಅಂದರೆ ಕಿಲ್ಲಾ ಕಟ್ಟಬೇಕು. ಕಿಲ್ಲಾ ಅಂದರೆ ಕೋಟೆ, ಮಣ್ಣಿನದು, ಮೊಣಕಾಲೆತ್ತರದ್ದು. ಮರಾಠಿ ಸೀಮೆ ಹತ್ತಿರವಿರುವ ನಮ್ಮಂಥ ಊರುಗಳಲ್ಲಿ ಈ ರೂಢಿ ಮೊದಲಿನಿಂದ ಇತ್ತು. ನೀವೂ ಕಟ್ಟಿದವರಾದರೆ ನಾನು ಬಿಡಿಸಿ ಹೇಳುವುದು ಬೇಕಿಲ್ಲ. ಕಟ್ಟದವರಾದರೆ, ಪಾಪ, ನಿಮ್ಮದೇನು ದೀಪಾವಳಿ ಬಿಡ್ರಿ.

ಹೊಲದ ಎರಿ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತರುವುದು, ಅದಕ್ಕೆ ಸಗಣಿ, ಜೋಳದ ಹೊಟ್ಟು ಸೇರಿಸಿ ಕಾಲಲ್ಲಿ ತುಳಿಯುವುದು. ಅತ್ತ ಅಡುಗೆಮನೆಯಿಂದ ಚಕ್ಕಲಿ ಕರಿಯುವ ವಾಸನೆ, ಇತ್ತ ನಮ್ಮ ಕಾಲುಗಳಿಂದ ಹಸಿ ಕೆಸರಿನ ವಾಸನೆ. ಎರಿ ಮಣ್ಣು ಒಣಗಿದರೆ ಬಿರಿಯುತ್ತದೆ, ಅದಕ್ಕೆ ದಿನಕ್ಕೆ ನಾಲ್ಕು ಸಲ ಒದ್ದೆ ಗೋಣಿತಟ್ಟು ಹೊದಿಸಬೇಕು. ಕೋಟೆಯ ಇಳಿಜಾರಿಗೆ ಸಾಸಿವೆ ಎರಚಿದರೆ ಮೂರು ದಿನಕ್ಕೆ ಹಸಿರು ಹುಲ್ಲು. ಬುರುಜಿನ ಮೇಲೆ ಮಣ್ಣಿನ ಸಿಪಾಯಿಗಳು, ನಡುವೆ ಗದ್ದುಗೆಯ ಮೇಲೆ ಮಹಾರಾಜರು. ನಮ್ಮ ಮನೆಯಲ್ಲಿ ಗೋಕಾಕದ ಬಣ್ಣದ ಗಿಳಿಯೊಂದಿತ್ತು. ಅದು ಕೋಟೆಯ ಬಾಗಿಲಿಗಿಂತ ದೊಡ್ಡದಿತ್ತು, ಆದರೂ ಪ್ರತಿ ವರ್ಷ ಅದನ್ನು ಬಾಗಿಲಲ್ಲಿ ಕಾವಲಿಗೆ ಕೂಡಿಸುತ್ತಿದ್ದೆವು. ಯಾರೂ ತಪ್ಪು ಹುಡುಕುತ್ತಿರಲಿಲ್ಲ.

ಆದರೆ ಕಿಲ್ಲಾ ಕಟ್ಟುವುದಕ್ಕಿಂತ ದೊಡ್ಡ ಮಾನ ಕಿಲ್ಲಾ ಹೇಳುವುದಕ್ಕಿತ್ತು. ಹಬ್ಬದ ದಿನಗಳಲ್ಲಿ ಸಂಜೆ ನಾಲ್ಕೂ ಓಣಿಯ ಮಂದಿ ನೋಡಲು ಬರುತ್ತಿದ್ದರು. ಆಗ ನಮ್ಮಲ್ಲೊಬ್ಬರು ಕೈಯಲ್ಲಿ ಜೋಳದ ದಂಟು ಹಿಡಿದು, ಇದು ಮಹಾದ್ವಾರ, ಇದು ಮದ್ದಿನ ಮನೆ, ಇಲ್ಲಿ ಶತ್ರುಗಳು ಏಣಿ ಹಾಕಿದರು ಎಂದು ಇತಿಹಾಸ ಹೇಳಬೇಕು. ಮೂರು ವರ್ಷ ಸತತವಾಗಿ ಆ ದಂಟು ನನ್ನ ಕೈಯಲ್ಲಿತ್ತು. ಹುಕ್ಕೇರಿ ಕಡೆಯ ವಲ್ಲಭಗಡವನ್ನು ಕಾಕಾ ಒಮ್ಮೆ ತೋರಿಸಿಕೊಂಡು ಬಂದಿದ್ದ, ಅದನ್ನೇ ನಾನು ಮೂರು ವರ್ಷ ಹೇಳಿದೆ. ಮನೆಯಲ್ಲಿ ಅವ್ವ ಬಾಯಿಬಡಕಿ ಅಂತ ಬೈಯುತ್ತಿದ್ದ ಅದೇ ಬಾಯಿಗೆ ಓಣಿಯಲ್ಲಿ ಮಂದಿ ಕಿವಿಗೊಟ್ಟು ನಿಲ್ಲುತ್ತಿದ್ದರು. ಅದರ ರುಚಿ ಹತ್ತಿದವರಿಗೇ ಗೊತ್ತು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಆ ರುಚಿಗೆ ಕಲ್ಲು ಬಿತ್ತು. ಹಾಕಿದವಳು ಪದ್ದಿ.

ಪದ್ಮಾವತಿ ನಮ್ಮ ಬಾಜೂ ಮನೆಯ ಹುಡುಗಿ, ನನ್ನ ವಾರಿಗೆಯವಳು. ನಾವು ಲಿಂಗವಂತರು, ಒಕ್ಕಲುತನ. ಅವರು ಜೈನರು, ಕಾಳಿನ ವ್ಯಾಪಾರ. ಪದ್ದಿ ತನ್ನ ಅವ್ವನ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ ಆಡುತ್ತಿದ್ದಳು. ಎರಡು ಮನೆಗೂ ಒಂದೇ ಗೋಡೆ, ಆ ಗೋಡೆಯ ಈಚೆ ನಾನು, ಆಚೆ ಅವಳು. ಕೂಗಿ ಕರೆದರೆ ಸಾಕು, ಇಬ್ಬರೂ ಓಣಿಗೆ ಬಂದು ನಿಲ್ಲುತ್ತಿದ್ದೆವು. ಅವಳು ಮೆತ್ತನೆಯ ಸ್ವಭಾವದವಳು, ಆಟದಲ್ಲಿ ಯಾವಾಗಲೂ ನಾನು ಹೇಳಿದ್ದೇ ನಡೆಯುತ್ತಿತ್ತು. ಅದು ಹಂಗೇ ಇರಬೇಕು ಅಂತ ನಾನು ತಿಳಿದಿದ್ದೆ.

ಆ ವರ್ಷ ಬೇಸಿಗೆ ಸೂಟಿ ಮುಗಿಸಿ ಸಾಲಿಗೆ ಬಂದ ಪದ್ದಿಯ ಪರಕಾರದ ಕಿಸೆಯಲ್ಲಿ ಒಂದು ಹಿಡಿ ಕಪ್ಪೆಚಿಪ್ಪು ಇದ್ದವು. ಅವಳ ಸೋದರಮಾವ ಮಾಲವಣದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅವರ ಹತ್ತಿರ ಹೋಗಿ ಸಮುದ್ರದ ನಡುವಿನ ಕಿಲ್ಲಾ ನೋಡಿ ಬಂದೆ ಅಂದಳು. ಎಂಥಾ ನಿಧಾನವಾಗಿ ಹೇಳಿದಳು ಗೊತ್ತೇನ್ರಿ. ನಾಲ್ಕೂ ದಿಕ್ಕಿಗೆ ನೀರು. ದೋಣಿಯಲ್ಲಿ ಕೂತರೆ ಹೊಟ್ಟೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಹತ್ತಿರ ಹೋದರೂ ಬಾಗಿಲೇ ಕಾಣುವುದಿಲ್ಲ, ಗೋಡೆಯೊಳಗೆ ಗೋಡೆ ತಿರುವಿ ಬಾಗಿಲನ್ನು ಮುಚ್ಚಿಟ್ಟಿದ್ದಾರೆ, ಶತ್ರು ಬಂದರೆ ಸುತ್ತಿ ಸುತ್ತಿ ಸಾಯಬೇಕು. ಪಾಯದ ಕಲ್ಲು ಅಲುಗಬಾರದೆಂದು ಸೀಸ ಕಾಸಿ ಹೊಯ್ದಿದ್ದಾರೆ. ಮಹಾರಾಜರ ಕೈಯ ಗುರುತು, ಕಾಲಿನ ಗುರುತು ಗಾರೆಯಲ್ಲಿ ಮೂಡಿದೆ. ಮತ್ತೆ ಮೂರು ಬಾವಿ: ಹಾಲಿನ ಬಾವಿ, ಮೊಸರಿನ ಬಾವಿ, ಸಕ್ಕರೆ ಬಾವಿ. ಹಾಲು ಇರುವುದಿಲ್ಲ, ಹೆಸರು ಹಂಗೆ. ನೀರು ಅಷ್ಟು ಸಿಹಿ.

ಸಮುದ್ರದ ನಡುವೆ ಸಿಹಿ ನೀರು ಅಂದಾಗ ಅವಳು ಕಣ್ಣು ದೊಡ್ಡದು ಮಾಡುತ್ತಿದ್ದಳು. ಕೇಳುವವರೂ ಮಾಡುತ್ತಿದ್ದರು. ನಾನು ಮಾತ್ರ ಹಲ್ಲು ಕಚ್ಚಿ ಕೂತಿರುತ್ತಿದ್ದೆ. ಮಳೆಗಾಲ ಪೂರ್ತಿ ಇದೇ ಆಯಿತು. ಸಾಲಿಯ ಕಟ್ಟೆಯ ಮೇಲೆ ಮಕ್ಕಳೆಲ್ಲ ಅವಳ ಸುತ್ತ, ನಾನು ಒಬ್ಬಳೇ ಹುಣಸೆಬೋಟು ಚೀಪುತ್ತ ದೂರ. ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಅಂದರೆ, ಅವಳಿಗೆ ಜ್ವರ ಬರಲಿ ಅಂತ ಬಸವಣ್ಣನ ಗುಡಿಯಲ್ಲಿ ಬೇಡಿಕೊಂಡೆ. ಜ್ವರ ನನಗೆ ಬಂತು. ಮೂರು ದಿನ ಮಲಗಿದೆ, ಪದ್ದಿ ದಿನಾ ಬಂದು ಕಾಲ ಕಡೆ ಕೂತು ಸಮುದ್ರದ ಕಥೆ ಹೇಳಿದಳು.

ದೀಪಾವಳಿ ಬಂತು. ಯಾವ ಕಿಲ್ಲಾ ಕಟ್ಟುವುದು ಎಂಬ ಮಾತು ಬಂದಾಗ ನಾನು ವಲ್ಲಭಗಡ ಅಂದೆ. ಓಣಿಯ ಒಂದು ಪಿಳ್ಳೆಯೂ ಕೈ ಎತ್ತಲಿಲ್ಲ. ಎಲ್ಲರಿಗೂ ಸಮುದ್ರದ ಕಿಲ್ಲಾ ಬೇಕು. ಸಮುದ್ರದ ಕಿಲ್ಲಾ ಅಂದ ಮೇಲೆ ಹೇಳುವವಳು ಪದ್ದಿ, ಕಣ್ಣಾರೆ ನೋಡಿ ಬಂದವಳು ಅವಳು ತಾನೆ? ಜೋಳದ ದಂಟು ನನ್ನ ಕೈ ಬಿಟ್ಟಿತು.

ಕಟ್ಟಿದ್ದು ಮಾತ್ರ ನಾನೇ, ಯಾಕೆಂದರೆ ನನ್ನಷ್ಟು ನೇರ ಗೋಡೆ ಯಾರಿಗೂ ಬರುತ್ತಿರಲಿಲ್ಲ. ಸುತ್ತ ಮೊಳದಗಲ ಕಂದಕ ತೋಡಿದೆವು, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಸಿದೆವು, ಕಾಲುವೆಯ ನೀರು ತಂದು ತುಂಬಿ ಬಟ್ಟೆಗೆ ಹಾಕುವ ನೀಲಿ ಕದಡಿದೆವು. ಸಮುದ್ರವಾಯಿತು. ಪದ್ದಿ ಎಣ್ಣೆ ಶೀಶೆಗಳ ಮೂರು ಮುಚ್ಚಳ ತಂದು ಕೋಟೆಯೊಳಗೆ ಹುಗಿದು, ನೀಲಿ ಹಾಕದ ನೀರು ತುಂಬಿ ಬಾವಿ ಮಾಡಿದಳು. ಒಂದೊಂದಕ್ಕೂ ಬೇವಿನ ಕಡ್ಡಿಯ ಗಡಗಡಿ ಬೇರೆ. ಅಷ್ಟು ಮಾಡಿ ಕೈ ತೊಳೆದುಕೊಂಡಳು.

ಮೊದಲ ಸಂಜೆ ಅವಳು ಹೇಳಿದ್ದನ್ನು ನಾನು ಗೋಣಿತಟ್ಟು ಒದ್ದೆ ಮಾಡುತ್ತ ಕೇಳಿದೆ. ತೆರೆ ಬಂದು ಗೋಡೆಗೆ ಬಡಿಯುವುದನ್ನು ಅವಳು ಹೇಳಿದಾಗ ಮುಂದೆ ನಿಂತಿದ್ದ ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಸರಿದರು, ಖರೇನ ನೀರು ಬಂತೇನೋ ಅನ್ನುವ ಹಾಗೆ. ಬಾವಿಗಳ ಹತ್ತಿರ ಬಂದಾಗ ಎಲ್ಲರೂ ಬೆರಗಾಗಿ ಲೊಚಗುಟ್ಟಿದರು. ನನ್ನ ಹೆತ್ತವ್ವ, ನನ್ನನ್ನು ಬಾಯಿಬಡಕಿ ಅನ್ನುವವಳು, ನನ್ನೆದುರೇ ಪದ್ದಿಯ ಗಲ್ಲ ಹಿಡಿದು ಎಷ್ಟು ಚಂದ ಹೇಳತಾಳವ್ವಾ ಅಂದಳು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಇದೆ. ಅವ್ವ ಹೋಗಿ ಹತ್ತು ವರ್ಷವಾಯಿತು, ಮುಳ್ಳು ಹೋಗಿಲ್ಲ.

ಎರಡನೆಯ ದಿನ ಮಧ್ಯಾಹ್ನ ಪದ್ದಿಯ ಮನೆಗೆ ಮಾಲವಣದ ಮಾವ ಹಬ್ಬಕ್ಕೆ ಬಂದರು. ಈಗ ಇನ್ನೂ ಮೆರೀತಾಳ ಅಂದುಕೊಂಡೆ. ಆದರೆ ಅವಳ ಮುಖ ಯಾಕೋ ಸಪ್ಪಗಿತ್ತು, ಮಾವನನ್ನು ಕಿಲ್ಲಾದ ಹತ್ತಿರ ಕರೆದುಕೊಂಡು ಬರಲೇ ಇಲ್ಲ. ನಮ್ಮಂಥವರು ಕಟ್ಟಿದ್ದು ತೋರಿಸಲು ನಾಚಿಕೆ ಆಗುತ್ತಿರಬೇಕು ಅಂತ ಅದಕ್ಕೂ ಸಿಟ್ಟು ಬಂತು.

ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ನೋಡಲು ಮಂದಿ ಬರುವುದೂ ದನ ಮನೆಗೆ ಬರುವ ಅದೇ ಹೊತ್ತಿಗೆ. ಆ ಸಂಜೆ ಪದ್ದಿಯ ಅವ್ವ ಊಟಕ್ಕೆ ಕೂಗಿದರು. ಪದ್ದಿ ದಂಟನ್ನು ನನ್ನ ಕೈಗೆ ಕೊಟ್ಟು, ಉಂಡು ಬಂದು ನಾನೇ ಹೇಳುತ್ತೇನೆ, ಅಲ್ಲಿಯ ತನಕ ಮಂದಿಯನ್ನು ನಿಲ್ಲಿಸು ಅಂದಳು. ನಿಲ್ಲಿಸು ಅಂತೆ! ನಾನು ಬಾಗಿಲ ಗಿಳಿಯ ಹಾಗೆ ಕಾವಲು ಕೂಡಬೇಕಂತೆ.

ಧುಪದಾಳದಿಂದ ನಮ್ಮ ಅತ್ತೆ ಮತ್ತವರ ಮನೆಯವರು ಬಂದಿದ್ದರು. ಅವರ ಹಿಂದೆ, ಹಿಂದಿನ ಸಂಜೆ ಬಾರದಿದ್ದ ಆಚೆ ಓಣಿಯ ಹೆಂಗಸರು, ಕಲ್ಲವ್ವಜ್ಜಿ, ಅವರ ಚಿಳ್ಳೆಪಿಳ್ಳೆಗಳು. ನಮ್ಮ ಓಣಿಯ ಮಕ್ಕಳು ಪಟಾಕಿಗೆ ಓಡಿದ್ದರು. ಅವರು ತಿರುವಿನಲ್ಲಿ ಕಾಣಿಸಿದ ಕೂಡಲೇ ನಾನು ಬಗ್ಗಿ, ಹೆಬ್ಬೆರಳಿನಿಂದ ಮೂರೂ ಬಾವಿಗಳಿಗೆ ಕೆಸರು ಒತ್ತಿ ಮುಚ್ಚಿದೆ. ಮೇಲೆ ಸಾಸಿವೆ ಹುಲ್ಲು ಊರಿದೆ. ಯಾಕೆ ಮುಚ್ಚಿದೆ ಅಂದರೆ, ಮಂದಿ ಲೊಚಗುಟ್ಟುತ್ತಿದ್ದುದು ಆ ಬಾವಿಗಳಿಗೆ, ಅವು ಅವಳವು. ಅದೂ ಅಲ್ಲದೆ ಅವುಗಳಲ್ಲಿ ಅಂಥ ಹೆಚ್ಚುಗಾರಿಕೆ ಏನಿದೆ ಅಂತ ನನಗೆ ಖರೇನ ತಿಳಿದಿರಲಿಲ್ಲ.

ಇಲ್ಲಿ ಸ್ವಲ್ಪ ತಡೀರಿ, ನನ್ನ ಮರ್ಯಾದೆಯ ಪ್ರಶ್ನೆ. ಸಮುದ್ರದ ನೀರು ಉಪ್ಪು ಅಂತ ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅದು ಪರೀಕ್ಷೆಯ ನೀರು, ಅಲ್ಲೇ ಬಿಟ್ಟು ಬಂದಿದ್ದೆ. ನನ್ನ ಕಣ್ಣಿಗೆ ಸಮುದ್ರ ಅಂದರೆ ಧುಪದಾಳದ ಒಡ್ಡು. ಆಚೆ ದಂಡೆ ಕಾಣದಷ್ಟು ಘಟಪ್ರಭೆಯ ನೀರು, ಅದರ ಮೇಲೆ ಹಾರುವ ಬಿಳಿ ಹಕ್ಕಿಗಳು, ಬೊಗಸೆಯಲ್ಲಿ ಎತ್ತಿ ಕುಡಿದರೆ ತಂಪು. ಇಷ್ಟೆಲ್ಲ ನೀರಿರುವಾಗ ಕೋಟೆಯೊಳಗೆ ಬಾವಿ ತೋಡುವ ಹುಚ್ಚು ಯಾರಿಗಾದರೂ ಇರುತ್ತದೆಯೇ?

ಹೇಳಿದೆ ನೋಡ್ರಿ, ಏನು ಹೇಳಿದೆ! ಮಳೆಗಾಲ ಪೂರ್ತಿ ನುಂಗಿದ್ದನ್ನೆಲ್ಲ ಬಡ್ಡಿ ಸಮೇತ ಹೇಳಿದೆ. ಮುಚ್ಚಿದ ಬಾಗಿಲು, ಕಾಸಿದ ಸೀಸ, ಮಹಾರಾಜರ ಅಂಗೈ, ಎಲ್ಲ ಅವಳದನ್ನೇ ಅವಳಿಗಿಂತ ದೊಡ್ಡ ದನಿಯಲ್ಲಿ ಹೇಳಿದೆ. ಕೊನೆಗೆ ಒಂದು ಹೆಜ್ಜೆ ಮುಂದೆ ಹೋದೆ. ಈ ಕಿಲ್ಲಾದ ದೊಡ್ಡ ಬಲ ಏನಂದರೆ ಒಳಗೆ ಒಂದೂ ಬಾವಿ ಇಲ್ಲ, ಶತ್ರುಗಳು ಆರು ತಿಂಗಳು ಸುತ್ತುಗಟ್ಟಿದರೂ ಸಿಪಾಯಿಗಳು ಬುರುಜಿನ ಮೇಲಿಂದ ಕೊಡ ಇಳಿಬಿಟ್ಟು ಸಮುದ್ರದ ನೀರು ಸೇದಿ ಸೇದಿ ಕುಡಿದರು, ಯಾರೂ ಬಾಯಾರಿ ಸಾಯಲಿಲ್ಲ ಅಂದೆ.

ಯಾರೊಬ್ಬರೂ ನಗಲಿಲ್ಲ. ನಮ್ಮವರೂ ನನ್ನಂಥವರೇ, ನದಿ ನೀರು ಕುಡಿದು ಬೆಳೆದವರು. ಅತ್ತೆ ಹೌದು ಹೌದು ಅಂತ ಗೋಣು ಹಾಕಿದಳು. ಜೀವಮಾನವಿಡೀ ಹೊಳೆಯಿಂದ ನೀರು ಹೊತ್ತು ಸೊಂಟ ಬಾಗಿದ್ದ ಕಲ್ಲವ್ವಜ್ಜಿ ಉಸಿರು ಬಿಟ್ಟು, "ಕೂತಲ್ಲೇ ನೀರು. ಪುಣ್ಯೆ ಮಾಡಿದ್ದರು ಬಿಡವ್ವಾ," ಅಂದಳು.

ಆಗ ನೋಡಿದೆ. ಮಂದಿಯ ಹಿಂದೆ ಪದ್ದಿ ನಿಂತಿದ್ದಳು, ಬಾಜೂ ಅವಳ ಮಾವ. ಮಾವನ ಮುಖದಲ್ಲಿ ನಗು ಮೂಡಿತ್ತು, ಏನೋ ಹೇಳಲು ಬಾಯಿ ತೆರೆದರು. ಪದ್ದಿ ಎರಡೂ ಕೈಯಿಂದ ಅವರ ಕೈ ಗಟ್ಟಿಯಾಗಿ ಹಿಡಿದು ಜಗ್ಗಿದಳು. ಅವರು ಅವಳ ಮುಖ ನೋಡಿ ಬಾಯಿ ಮುಚ್ಚಿದರು.

ಮಂದಿ ಹೋದ ಮೇಲೆ ಪದ್ದಿ ಕಿಲ್ಲಾದ ಹತ್ತಿರ ಬಂದಳು. ಬಾವಿಗಳು ಇದ್ದ ಜಾಗ ನೋಡಿದಳು. ಜಗಳಕ್ಕೆ ಬರಲಿ ಅಂತ ನಾನು ಕಾದು ನಿಂತಿದ್ದೆ. ಅವಳು ಜಗಳವಾಡಲಿಲ್ಲ. ಯಾರಿಗೂ ಕೇಳದ ಹಾಗೆ, "ಸುವ್ವಿ, ಸಮುದ್ರದ ನೀರು ಉಪ್ಪು ಐತಿ. ಕುಡ್ಯಾಕ ಬರಂಗಿಲ್ಲ. ಅದಕ್ಕ ಆ ಮೂರು ಬಾವಿ," ಅಂದಳು.

ಪರೀಕ್ಷೆಯ ಉತ್ತರ ಆಗ ನೆನಪಾಯಿತು. ಕಿವಿ, ಗಲ್ಲ ಎಲ್ಲ ಬೆಂಕಿ ಹತ್ತಿದ ಹಾಗಾಯಿತು. ಅವಳು ಮಂದಿಯ ಮುಂದೆ ನನ್ನನ್ನು ಉಳಿಸಿದ್ದಳು. ಸಮುದ್ರ ನೋಡಿದವಳೂ ಅವಳೇ, ದೊಡ್ಡ ಮನಸ್ಸಿನವಳೂ ಅವಳೇ, ಹಂಗಾದರೆ ನನಗೇನು ಉಳಿಯಿತು? "ಗೊತ್ತೈತಿ ಬಿಡು, ನೀ ಒಬ್ಬಾಕಿನ ನೋಡಿ ಬಂದಾಕಿ," ಅಂದೆ. ಅಂದು, ಬಲಗಾಲು ಎತ್ತಿ ನನ್ನ ಕೈಯಾರೆ ಕಟ್ಟಿದ ಗೋಡೆಯ ಮೇಲೆ ಇಟ್ಟೆ. ಹಸಿ ಮಣ್ಣು ಕುಸಿದು ಕಂದಕ ಒಡೆಯಿತು, ನೀಲಿ ನೀರು ಕೋಟೆಯೊಳಗೆ ಹರಿಯಿತು. ಎರಿ ಮಣ್ಣಿಗೆ ನೀರು ತಾಗಿದರೆ ಗೊತ್ತಲ್ಲ, ಅರೆಗಳಿಗೆಯಲ್ಲಿ ಬುರುಜು, ಸಿಪಾಯಿ, ಮಹಾರಾಜರು ಎಲ್ಲ ರಾಡಿಯಲ್ಲಿ ಕೂತರು.

ಮರುದಿನ ಮಕ್ಕಳು ಅತ್ತಾಗ ಎಮ್ಮೆ ತುಳಿಯಿತು ಅಂತ ನಾನು ಹೇಳಿದೆ. ಪದ್ದಿ ಪಕ್ಕದಲ್ಲೇ ಇದ್ದಳು, ಅದಕ್ಕೂ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯನ್ನು ನಾನು ಕ್ಷಮಿಸಲಿಲ್ಲ. ಮಾತು ಬಿಡಲಿಲ್ಲ, ಆದರೆ ಗೋಡೆಯ ಆಚೆಯಿಂದ ಅವಳು ಕೂಗಿದರೆ ಕೆಲಸ ಐತಿ ಅನ್ನತೊಡಗಿದೆ. ಎರಡು ವರ್ಷಕ್ಕೆ ಅವಳ ಅಪ್ಪ ವ್ಯಾಪಾರವನ್ನು ಇಚಲಕರಂಜಿಗೆ ಒಯ್ದರು. ಸಾಮಾನು ತುಂಬಿದ ಗಾಡಿ ಓಣಿಯ ತಿರುವು ದಾಟುವಾಗ ನಾನು ಹಿತ್ತಲಲ್ಲಿದ್ದೆ, ಬೇಕಂತಲೇ.

ಆಮೇಲೆ ನನ್ನ ಬದುಕು ನಡೆಯಿತು. ಗೋಕಾಕದಲ್ಲಿ ಹೊಲಿಗೆ ಅಂಗಡಿ ಇಟ್ಟೆ, ನಾಲ್ಕು ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿದೆ. ಈಗ ಐವತ್ತು ದಾಟಿದೆ. ದೀಪಾವಳಿಗೆ ಬಜಾರದಲ್ಲಿ ಪ್ಲಾಸ್ಟರಿನ ಕಿಲ್ಲಾ ಸಿಗುತ್ತದೆ, ಬಣ್ಣ ಹಚ್ಚಿದ್ದು, ಬುರುಜಿನ ಮೇಲೆ ಬಾವುಟ ಸಮೇತ. ಅಣ್ಣನ ಮೊಮ್ಮಗಳಿಗೆ ಒಂದು ಕೊಡಿಸಿದೆ. ಮೊಬೈಲಿನಲ್ಲಿ ಒಂದು ಫೋಟೊ ಹೊಡೆದು ಕಪಾಟಿನ ಮೇಲೆ ಇಟ್ಟಳು. ಅದು ಯಾವ ಕಿಲ್ಲಾ ಅಂತ ನಾನು ಕೇಳಿದೆ, ಅವಳು ಡಬ್ಬಿ ತಿರುಗಿಸಿ ನೋಡಿದಳು.

ಪದ್ದಿಯ ನಂಬರು ಒಂದು ಮದುವೆಯಲ್ಲಿ ಅವಳ ಅಣ್ಣನಿಂದ ಸಿಕ್ಕಿತ್ತು. ದಿನಾ ಬೆಳಿಗ್ಗೆ ಹೂವಿನ ಚಿತ್ರ ಅವಳು ಕಳಿಸುತ್ತಾಳೆ, ನಾನೂ ಕಳಿಸುತ್ತೇನೆ. ಅವಳ ಹೂವು ಯಾವಾಗಲೂ ನನ್ನದಕ್ಕಿಂತ ಚಂದ ಇರುತ್ತದೆ, ಎಲ್ಲಿಂದ ತರುತ್ತಾಳೋ. ಅದರಾಚೆ ಮಾತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅಂಗಡಿಯ ಹೆಣ್ಣುಮಕ್ಕಳು ಟೂರ್ ಹೋಗೋಣ್ರಿ ಅಂದರು, ನಾನು ಮಾಲವಣ ಅಂದೆ. ಘಟ್ಟ ಇಳಿದು ಸಮುದ್ರ ಮುಟ್ಟಿದೆವು. ತಿಕೀಟಿಗೆ ಸಾಲು, ಮೈಗೆ ಕೇಸರಿ ಜಾಕೀಟು, ಮೋಟಾರು ದೋಣಿ. ಹೊಟ್ಟೆ ಮೇಲೆ ಹೋಗಿ ಕೆಳಗೆ ಬಂತು, ಪದ್ದಿ ಹೇಳಿದ ಹಾಗೇ. ಹತ್ತಿರ ಹೋಗುವ ತನಕ ಬಾಗಿಲು ಕಾಣಲಿಲ್ಲ, ಅದೂ ಹಾಗೇ. ಒಳಗೆ ಎಳನೀರಿನವರು, ಟೊಪ್ಪಿಗೆ ಮಾರುವವರು, ಮೈಕು ಕಟ್ಟಿಕೊಂಡ ಗೈಡು. ಅವನು ಮರಾಠಿಯಲ್ಲಿ ಇತಿಹಾಸವನ್ನು ಬಸ್ ನಿಲ್ದಾಣದಲ್ಲಿ ಊರ ಹೆಸರು ಕೂಗಿದ ಹಾಗೆ ಹೇಳಿ ಮುಗಿಸಿ ಮುಂದಿನ ಗುಂಪಿಗೆ ಹೋದ. ನಮ್ಮ ಹುಡುಗಿಯರು ಗೋಡೆಗೆ ಬೆನ್ನು ಕೊಟ್ಟು ಫೋಟೊ ತೆಗೆದುಕೊಂಡರು. ನಾನು ಸಕ್ಕರೆ ಬಾವಿಯ ಕಟ್ಟೆಯ ಮೇಲೆ ಕೂತು ಪದ್ದಿಗೆ ಫೋನ್ ಹಚ್ಚಿದೆ.

ಎಲ್ಲಿದ್ದೇನೆ ಅಂತ ಹೇಳಿದೆ. ಬಾವಿ ಮುಚ್ಚಿದವಳು ನಾನು, ಎಮ್ಮೆಯೂ ನಾನೇ ಅಂತ ಇಷ್ಟು ವರ್ಷದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ನಕ್ಕಳು, ಅಷ್ಟು ಗೊತ್ತಿರಲಿಲ್ಲೇನು ಅಂದಳು. ಮತ್ಯಾಕೆ ಮಾವನ ಕೈ ಹಿಡಿದು ಜಗ್ಗಿದೆ, ಮತ್ಯಾಕೆ ನನ್ನನ್ನು ಉಳಿಸಿದೆ ಅಂತ ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

"ನಿನ್ನ ಉಳಿಸಾಕ ಅಲ್ಲ ಸುವ್ವಿ," ಅಂದಳು. "ಮಾವ ಬಾಯಿ ತೆಗದಿದ್ರ, ಈ ಕಥಿ ಪದ್ದಿಗೆ ನಾನ ಹೇಳೇನಿ ಅಂತಿದ್ದರು. ನಾ ಮಾಲವಣಕ್ಕ ಹೋಗೇ ಇರಲಿಲ್ಲ."

ಆ ಸೂಟಿಯಲ್ಲಿ ಅವಳು ಇದ್ದದ್ದು ನಿಪ್ಪಾಣಿಯ ಅತ್ತೆಯ ಮನೆಯಲ್ಲಿ. ಮಾವ ಅಲ್ಲಿಗೆ ಎರಡು ದಿನ ಬಂದು ಹೋಗಿದ್ದರು. ಕಪ್ಪೆಚಿಪ್ಪು ಅವರು ತಂದದ್ದು, ಕಥೆ ಅವರು ಹೇಳಿದ್ದು. ಯಾಕೆ ಸುಳ್ಳು ಹೇಳಿದೆ ಅಂದೆ. ಮೂರು ವರ್ಷ ದಂಟು ನೀನೇ ಹಿಡಿದಿದ್ದೆಯಲ್ಲ, ನನಗೂ ಹೊಟ್ಟೆಕಿಚ್ಚು ಇತ್ತು, ಒಂದು ವರ್ಷ ನನಗೂ ಬೇಕಿತ್ತು ಅಂದಳು. ಇವತ್ತಿಗೂ ಅವಳು ಸಮುದ್ರ ನೋಡಿಲ್ಲವಂತೆ. ಅಂಗಡಿ, ಮಕ್ಕಳು, ಈಗ ಮೊಣಕಾಲು ನೋವು.

ನಲವತ್ತು ವರ್ಷ ನಾನು ಉರಿದದ್ದು ಯಾವುದಕ್ಕೆ? ಅವಳ ಬಳಿ ಇರದ ಒಂದು ಸಮುದ್ರಕ್ಕೆ. ಆ ಕಿಚ್ಚಿಗೆ ಒಂದು ಗೆಳೆತನ ಹಾಕಿ ಸುಟ್ಟುಬಿಟ್ಟೆ. ಅವಳು ಹೋದ ದಿನ ಹಿತ್ತಲಿನಿಂದ ಎದ್ದು ನಾಲ್ಕು ಹೆಜ್ಜೆ ಬರಲಿಲ್ಲ.

"ಹೆಂಗೈತಿ? ಹೇಳ ಸುವ್ವಿ," ಅಂದಳು ಪದ್ದಿ.

ದಂಟು ಕೈಗೆ ಬಂದ ಹಾಗಾಯಿತು. ಈಗ ನೋಡಿದವಳು ನಾನು, ಕೇಳುವವಳು ಅವಳು. ಎದ್ದು ನಿಂತೆ. ನಾಲ್ಕೂ ಕಡೆ ನೀರು ಅಂದೆ. ಗೋಡೆ ದೊಡ್ಡದು ಅಂದೆ. ಮಂದಿ ಭಾಳ, ಬಿಸಿಲು ಭಾಳ ಅಂದೆ. ಬಾವಿಗೆ ಜಾಳಿಗೆ ಹಾಕಿದ್ದಾರೆ ಅಂದೆ.

"ಅಷ್ಟ ಏನ?" ಅಂದಳು.

ಅಷ್ಟೇ ಇತ್ತು ನನ್ನ ಹತ್ತಿರ. ಅವಳು ಹೇಳುವಾಗ ಸೀರೆ ಎತ್ತಿಕೊಂಡು ಹಿಂದೆ ಸರಿದ ಹೆಂಗಸರಲ್ಲಿ ಈಗ ಒಬ್ಬರೂ ಇಲ್ಲ, ಆ ಓಣಿಯಲ್ಲಿ ಮಣ್ಣು ತುಳಿಯುವವರಿಲ್ಲ, ಹಾಗೆ ಬಾಯಿ ತೆರೆದು ಕೇಳುತ್ತ ನಿಲ್ಲುವ ಮಂದಿಯೇ ಇಲ್ಲ. ಕಣ್ಣೆದುರು ಇಡೀ ಕಿಲ್ಲಾ ಇದ್ದರೂ ನನ್ನ ಬಾಯಿಬಡಕಿ ಬಾಯಿಗೆ ಹತ್ತು ಮಾತು ಸಿಗಲಿಲ್ಲ. "ನೀನ ಹೇಳ ಪದ್ದಿ," ಅಂದೆ.

ಅವಳು ಇಚಲಕರಂಜಿಯ ಅಡುಗೆಮನೆಯಲ್ಲಿ ನಿಂತು ಶುರು ಮಾಡಿದಳು. ದೋಣಿ ದಂಡೆ ಬಿಟ್ಟಿತು, ತೆರೆ ಎದ್ದಿತು, ಬಾಗಿಲು ಗೋಡೆಯೊಳಗೆ ಅಡಗಿತು. ನಾನು ಒಂದು ಕಿವಿಗೆ ಫೋನ್ ಒತ್ತಿ, ಇನ್ನೊಂದು ಕಿವಿ ಮುಚ್ಚಿ, ಆ ಕಿಲ್ಲಾಕ್ಕೆ ಬೆನ್ನು ಮಾಡಿ ನಿಂತು ಕೇಳಿದೆ. ಅವಳು ಎಷ್ಟು ಚಂದ ಹೇಳುತ್ತಾಳೆ! ನನ್ನ ಹೊಟ್ಟೆ ಮತ್ತೆ ಉರಿಯಿತು. ಹುಡುಗಿಯರು ಕೊನೆಯ ದೋಣಿ ಹೊರಟಿತು ಅಂತ ಕೂಗುತ್ತಿದ್ದರು, ನಾನು ಫೋನ್ ಇಡಲಿಲ್ಲ.